ಮುಳ್ಳಿನಾಚೆ ನಿಂತ ಬಳೆಗಾರ

"ಗುರುಗಳೇ, ದೂರದಲ್ಲಿ ಕುಳಿತು ಮಾಡುವುದನ್ನು ಸೇವೆ ಎನ್ನಬಹುದೇ?" ಎಂದು ಶಿಷ್ಯ ಕೇಳಿದ.

ಸಾಂಕ್ರಾಮಿಕದ ದಿನಗಳು. ಅವನು ಮಠದ ಜಗಲಿಯಲ್ಲಿ ಕುಳಿತು, ರೋಗ ಹೊಕ್ಕ ಊರಿನ ಮನೆಮನೆಗೂ ಫೋನು ಮಾಡುತ್ತಿದ್ದ. ಯಾರಿಗೆ ಔಷಧಿ ಬೇಕು, ಯಾರಿಗೆ ಗಂಜಿ ಬೇಕು ಎಂದು ತಿಳಿದು ಪಕ್ಕದ ಮನೆಯವರಿಗೆ ಹೇಳುತ್ತಿದ್ದ. "ಬರೀ ಬಾಯಿಮಾತಿನ ಕೆಲಸವಾಯಿತು. ನಾಳೆ ನಾನೇ ಆ ಊರೊಳಕ್ಕೆ ಹೋಗಿಬಿಡುತ್ತೇನೆ" ಎಂದ.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಒಂದು ಕಡೆ ನೆಲೆ ನಿಂತವನಲ್ಲ. ಬಳೆಯ ಮಲಾರ ಹೆಗಲಿಗೇರಿಸಿ ಊರೂರು ಸುತ್ತುವವನು. ಒಮ್ಮೆ ಒಂದು ಊರಿನ ಮುಂದೆ ಬಂದರೆ ದಾರಿಗೆ ಅಡ್ಡಲಾಗಿ ಮುಳ್ಳು ಹಾಕಿದ್ದರು. ಊರೊಳಗೆ ಜ್ವರವಿದೆ, ಯಾರೂ ಬರಬಾರದು, ಯಾರೂ ಹೊರಡಬಾರದು ಎಂಬುದಕ್ಕೆ ಅದೇ ಗುರುತು.

ಮುಂದಿನ ಊರಿಗೆ ಹೋಗಲು ಅವನಿಗೆ ಕಾಲೇ ಏಳಲಿಲ್ಲ. ಒಳಗಿದ್ದ ಹೆಂಗಸರೆಲ್ಲ ಅವನಿಂದ ಬಳೆ ತೊಟ್ಟವರು, ಅಣ್ಣಾ ಎಂದು ಕರೆದು ಮಜ್ಜಿಗೆ ಕೊಟ್ಟವರು. ಈಚೆಯ ಬಂಡೆ ಹತ್ತಿ, ಬಳೆ ಮಾರುವ ಗಂಟಲಿನಲ್ಲೇ ಹೆಸರು ಹಿಡಿದು ಕೂಗಿದ.

"ದ್ಯಾವಮ್ಮಾ, ಗಂಜಿ ಕುಡಿದೆಯೇನವ್ವಾ?"

"ಕುಡಿದೆ ಕಣಣ್ಣ. ನಿನ್ನ ಗಂಟಲನ್ನೂ ಒಂದಿಷ್ಟು ಉಳಿಸಿಕೋ. ಆಮೇಲೆ ಬಳೆ ಮಾರುವುದು ಬೇಡವೇ?"

ದಿನವೂ ಹಾಗೆ ಕೂಗಿದ. ಯಾವ ಮನೆಯಿಂದ ಉತ್ತರ ಬರಲಿಲ್ಲವೋ ಅಲ್ಲಿಗೆ ಪಕ್ಕದವರನ್ನು ಕಳಿಸಿದ.

ಒಂದು ಬೆಳಿಗ್ಗೆ ದ್ಯಾವಮ್ಮ ಓಗೊಡಲಿಲ್ಲ. ಒಂಟಿ ಹೆಂಗಸು. ಪಕ್ಕದ ಮನೆಯ ಸಣ್ಣೀರಮ್ಮನಿಗೆ ಜ್ವರ ಬಂದು ವಾಸಿಯಾಗಿತ್ತು, ಅವಳು ಹೋಗಬಹುದಿತ್ತು. ಆದರೆ ಹಿತ್ತಿಲ ನುಗ್ಗೆಮರದ ಕೊಂಬೆಯ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಬಳೆಗಾರ ಕೂಗಿದ. ಸಣ್ಣೀರಮ್ಮ ಬಾಗಿಲು ತೆರೆಯಲಿಲ್ಲ.

ಅವನು ಮಲಾರ ಕೆಳಗಿಳಿಸಿದ. ಮುಳ್ಳು ದಾಟಲು ಕಾಲೆತ್ತಿದ. ಎತ್ತಿದವನು ತನ್ನ ಅಂಗೈ ನೋಡಿಕೊಂಡ. ಇದೇ ಕೈ ಮುಂದಿನ ಊರಿನಲ್ಲಿ ಬಸುರಿಯರ ಕೈ ಹಿಡಿಯಬೇಕು, ಹಸುಗೂಸುಗಳ ಕೈ ಹಿಡಿಯಬೇಕು. ಕಾಲು ಹಿಂದಕ್ಕೆ ತೆಗೆದ. ಮತ್ತೆ ಬಂಡೆ ಹತ್ತಿದ.

"ಸಣ್ಣೀರಮ್ಮಾ, ನಾನು ಬರುವ ಹಾಗಿಲ್ಲ. ನೀನೂ ಹೋಗದಿದ್ದರೆ ಅವಳಿಗೆ ಯಾರೂ ಇಲ್ಲ."

ಗಂಟಲು ಕಟ್ಟುವವರೆಗೂ ಅದನ್ನೇ ಕೂಗಿದ. ಕಡೆಗೆ ಅಗುಳಿ ಸರಿದ ಸದ್ದಾಯಿತು.

"ಸಾಕು ನಿಲ್ಲಿಸಪ್ಪ. ಜ್ವರ ಬಿಟ್ಟರೂ ನಿನ್ನ ಬಾಯಿ ಬಿಡುವುದಿಲ್ಲ" ಎನ್ನುತ್ತ ಸಣ್ಣೀರಮ್ಮ ನೀರಿನ ಚೊಂಬು ಹಿಡಿದು ಪಕ್ಕದ ಮನೆಗೆ ನಡೆದಳು. ಜ್ವರ ಇಳಿಯುವವರೆಗೂ ದ್ಯಾವಮ್ಮನ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ದ್ಯಾವಮ್ಮ ಬದುಕಿದಳು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಉಳಿಸಿದವಳು ಸಣ್ಣೀರಮ್ಮ. ಬಳೆಗಾರ ಆಚೆಯೇ ನಿಂತುಬಿಟ್ಟನಲ್ಲ?" ಎಂದ.

ಗುರುಗಳು ಹೇಳಿದರು: "ಅವನು ಒಳಗೆ ಹೋಗಿದ್ದರೆ ಸಣ್ಣೀರಮ್ಮ ಬಾಗಿಲು ತೆರೆಯುತ್ತಿದ್ದಳೇ?"