ಮೆಟ್ಟಿಲ ಬದಿಯ ನೀಲಿ ಹಗ್ಗ

ತುಂಗಭದ್ರೆಯ ದಡದಲ್ಲೊಂದು ಆಶ್ರಮ. ಗುರುಗಳು ಮಹಾಂತಯ್ಯನವರು. ಶಿಷ್ಯ ಶಂಭುಲಿಂಗ.

ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳು ಬಲು ಕಡಿದು. ವಯಸ್ಸಾದವರು ಹಿಡಿದು ಇಳಿಯಲೆಂದು ಶಂಭುಲಿಂಗ ಅಲ್ಲೊಂದು ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದ. ನಾರಿನ ಹಗ್ಗ ಕೊಳೆಯುತ್ತದೆ, ಇದಕ್ಕೆ ಸಾವಿಲ್ಲ ಎಂಬುದು ಅವನ ನಂಬಿಕೆ.

ಕೆಲವು ಬೇಸಿಗೆಗಳು ಕಳೆದವು. ಆಶ್ರಮದಲ್ಲಿ ಅಡುಗೆ ಮಾಡುವ ಸಾತವ್ವ ಒಂದು ದಿನ ಅವನಿಗೆ ತನ್ನ ಅಂಗೈ ತೋರಿಸಿದಳು.

"ಹಗ್ಗ ಬಿಳಿಚಿಕೊಂಡೈತಿ ತಮ್ಮಾ. ಹಿಡಿದರ ಕೈಗೆ ಪುಡಿ ಹತ್ತತೈತಿ."

"ಅದು ಬರೀ ಬಣ್ಣ, ಅವ್ವಾ. ಆನಿ ಜಗ್ಗಿದರೂ ಹರಿಯಂಗಿಲ್ಲ," ಎಂದು ನಕ್ಕುಬಿಟ್ಟ.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಸಾತವ್ವ ಕೊಡ ಹೊತ್ತು, ಹಗ್ಗ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಹಗ್ಗ ಪಟ್ಟನೆ ಹರಿಯಿತು. ಬಿದ್ದ ಪೆಟ್ಟಿಗೆ ಸೊಂಟದ ಮೂಳೆ ಮುರಿಯಿತು. ಇನ್ನು ಮೊದಲಿನಂತೆ ಓಡಾಡುವುದು ಆಗದ ಮಾತು ಎಂದರು ವೈದ್ಯರು. ಆಕೆಯನ್ನು ಕರೆದುಕೊಂಡು ಹೋಗಲು ತಂಗಿಯ ಮಗಳು ಬಂದಳು.

ಶಂಭುಲಿಂಗ ಸಾತವ್ವನ ಕೋಣೆಯ ಕಡೆ ಸುಳಿಯಲಿಲ್ಲ. ಗುರುಗಳ ಮುಂದೆ ಹೋಗಿ ಕುಳಿತ.

"ಮಳೆಗೆ ಕೊಳೆಯಲಿಲ್ಲ. ಗೆದ್ದಲು ತಿನ್ನಲಿಲ್ಲ. ಯಾರೂ ಕೊಯ್ಯಲಿಲ್ಲ. ಹೇಗೆ ಹರಿಯಿತು ಗುರುಗಳೇ?"

"ಹಗ್ಗ ಕಟ್ಟಿದಾಗ ಉಳಿದ ತುಂಡು ಇದೆಯೇ?"

ಉಗ್ರಾಣದ ಕತ್ತಲಲ್ಲಿತ್ತು. ತಂದುಕೊಟ್ಟ. ಗುರುಗಳು ಎರಡೂ ಕೈಯಿಂದ ಎಳೆದರು. ಅದು ಜಪ್ಪಯ್ಯ ಎನ್ನಲಿಲ್ಲ.

ಮೆಟ್ಟಿಲ ಬದಿಯಿಂದ ತಂದ ತುಂಡನ್ನು ಮುಷ್ಟಿಯಲ್ಲಿ ಹಿಸುಕಿದರು. ಪುಡಿಪುಡಿಯಾಗಿ ಉದುರಿತು.

"ಎರಡೂ ಒಂದೇ ಸುರುಳಿಯವು," ಎಂದ ಶಂಭುಲಿಂಗ.

"ಒಂದು ಕತ್ತಲಲ್ಲಿತ್ತು. ಇನ್ನೊಂದು ಬಿಸಿಲಿನ ಬೆಳಕಿಗೆ ಸಿಕ್ಕಿತು. ಆ ಬೆಳಕು ಕೆಡಿಸಿದ ಎಳೆಗಳೊಳಗೆ ಗಾಳಿ ಹೊಕ್ಕಿತು. ನಮ್ಮನ್ನು ಬದುಕಿಸುವ ಪ್ರಾಣವಾಯುವೇ ಒಳಗೊಳಗೆ ಅದರ ಕೊಂಡಿಗಳನ್ನು ಕಡಿಯುತ್ತಾ ಬಂತು. ದಿನಕ್ಕಿಷ್ಟಿಷ್ಟು."

"ದಿನವೂ ಅದರ ಪಕ್ಕದಲ್ಲೇ ಹತ್ತಿ ಇಳಿದೆ. ನನಗೆ ಕಾಣಲಿಲ್ಲವಲ್ಲ!"

"ಕಂಡವಳು ಹೇಳಿದ್ದಳು."

ಶಂಭುಲಿಂಗ ತಲೆ ತಗ್ಗಿಸಿದ.

"ಹೊರಗೆ ಗಾಡಿ ನಿಂತಿದೆ," ಎಂದರು ಗುರುಗಳು.

ಅವನು ಓಡಿದ. ಸಾತವ್ವನನ್ನು ಹಾಸಿಗೆಯ ಸಮೇತ ಎತ್ತಿ ಗಾಡಿಯಲ್ಲಿ ಮಲಗಿಸಿದ್ದರು. ಶಂಭುಲಿಂಗ ಆಕೆಯ ಪಾದ ಹಿಡಿದ.

"ತಪ್ಪಾತು ಅವ್ವಾ. ನೀ ಹೇಳಿದ್ದು ಕೇಳಬೇಕಿತ್ತು."

ಸಾತವ್ವ ಕಷ್ಟಪಟ್ಟು ಕತ್ತು ಹೊರಳಿಸಿದಳು.

"ನಾಳಿಂದ ಒಲಿ ಯಾರು ಹಚ್ಚತಾರೋ ಏನೋ. ನಿನಗ ಹಸಿವು ತಡಿಯಂಗಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು."

ಗಾಡಿ ಹೊರಟಿತು. ತಿರುವಿನಲ್ಲಿ ಮರೆಯಾಗುವ ತನಕ ಅವನು ಅಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದ.

"ಅವ್ವ ಒಂದು ಮಾತೂ ಬೈಯಲಿಲ್ಲ, ಗುರುಗಳೇ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು."

ನೆಲಕ್ಕೆ ಉದುರಿದ್ದ ಹಗ್ಗದ ಪುಡಿ ಗುಡಿಸುತ್ತಿದ್ದ ಗುರುಗಳು ತಲೆ ಎತ್ತಿದರು.

"ಹಗುರಾಗಲಿಕ್ಕೆ ಹೋಗಿದ್ದೆಯಾ, ಶಂಭೂ?"