ಒಂಟಿ ಸೀನಿಗೆ ಕೂರದ ಕೊಟ್ರವ್ವ

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಮೂಡದಿದ್ದ ಕಾಲ. ಬಿಳಿಕಲ್ಲಹಟ್ಟಿ ಎಂಬ ಊರು. ಅಲ್ಲಿ ಒಂದು ಬೆಳಿಗ್ಗೆ ಘೋರವಾದದ್ದು ನಡೆಯಿತಂತೆ. ಸೂಲಗಿತ್ತಿ ಕೊಟ್ರವ್ವ ಕೊಡ ಹಿಡಿದು ನೀರಿಗೆ ಹೊರಟಳು, ಹೊಸ್ತಿಲಲ್ಲಿ ಒಂಟಿ ಸೀನು ಬಂತು, ಆಕೆ ಕೂರಲಿಲ್ಲ. ನೇರ ಬಾವಿಗೆ ಹೋದಳು. ಸುದ್ದಿ ಕೇಳಿ ಊರಿನ ಒಲೆಗಳು ಆರಿದವು ಅಂತಾರೆ. ಹಿರಿಯರು ಕೈಗೆಲಸ ಬಿಟ್ಟು ಊರಬಾಗಿಲಿನ ಅಗಸಿಕಟ್ಟೆಗೆ ಓಡಿಬಂದರು ಅಂತಾರೆ.

ಒಂಟಿ ಸೀನು ಬಿದ್ದರೆ ಕೂತು, ನೀರು ಕುಡಿದು, ಎಲೆಅಡಿಕೆ ಹಾಕಿ ಏಳಬೇಕು. ಇದು ನಿಮಗೂ ಗೊತ್ತು. ಆದರೆ ಆ ಊರಿನಲ್ಲಿ ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದವಳೇ ಕೊಟ್ರವ್ವ. ಒಂದು ಸೀನಿಗೆ ಮದುವೆಯ ದಿಬ್ಬಣವನ್ನೇ ನಡುದಾರಿಯಲ್ಲಿ ಕೂರಿಸಿದ ಗಟ್ಟಿಗಿತ್ತಿ. ಅಂಥವಳಿಗೆ ಏನಾಯಿತು, ಕೇಳಿ.

ಹಿಂದಿನ ಸುಗ್ಗಿಯಲ್ಲಿ ದುರುಗವ್ವನ ಹಿರಿಮಗಳು ಮಲಿಯವ್ವನಿಗೆ ನೋವು ಬಂದಿತ್ತು. ಚೊಚ್ಚಲು. ಕರೆ ಬಂತು, ಕೊಟ್ರವ್ವ ಎದ್ದಳು, ಒಳಗಿನಿಂದ ಅತ್ತೆ ಸೀನಿದಳು. ಕೊಟ್ರವ್ವ ಕೂತಳು. ನೀರು ಕುಡಿದಳು. ಎಲೆಗೆ ಸುಣ್ಣ ಸವರಿ, ಬಾಯಿಗಿಟ್ಟು, ಎದ್ದಳು. ಅತ್ತೆ ಮತ್ತೆ ಸೀನಿದಳು. ಕೊಟ್ರವ್ವ ಮತ್ತೆ ಕೂತಳು. ಆಕೆ ಹೋಗಿ ಮುಟ್ಟುವ ಹೊತ್ತಿಗೆ ಕೂಸು ಅಳುತ್ತಿತ್ತು. ತಾಯಿ ಹೋಗಿದ್ದಳು.

ಯಾರೂ ಕೊಟ್ರವ್ವನನ್ನು ಬೈಯಲಿಲ್ಲ. ಸೀನು ಮೊದಲೇ ಹೇಳಿತ್ತು ನೋಡಿ ಎಂದು ಎಲ್ಲರೂ ತಲೆದೂಗಿದರು. ಕೊಟ್ರವ್ವನೂ ತಲೆದೂಗಿದಳು. ಮಗಳ ಕಾಲು ನೆಟ್ಟಗೆ ಮಾಡುತ್ತಿದ್ದ ದುರುಗವ್ವ ಮಾತ್ರ ತಲೆ ಎತ್ತದೆ ಕೇಳಿದಳಂತೆ:

“ಸೀನಿದಾಕಿ ನಿಮ್ಮತ್ತಿ. ಕುಂತಾಕಿ ನೀನು. ಸತ್ತಾಕಿ ನನ್ನ ಮಗಳ್ಯಾಕವ್ವಾ?”

ಕೊಟ್ರವ್ವನ ಬಾಯಲ್ಲಿ ಎಲೆಅಡಿಕೆ ಇನ್ನೂ ಇತ್ತು. ಅದನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ ಅಂತಾರೆ.

ಇನ್ನು ಕೂರುವುದಿಲ್ಲ ಎಂದು ಆಕೆ ಅಂದೇ ಮನಸ್ಸು ಮಾಡಿದಳು. ಕಥೆ ಮುಗಿಯಿತು ಅಂದುಕೊಂಡಿರಾ? ಮನಸ್ಸು ಬದಲಾದರೆ ಮನುಷ್ಯ ಬದಲಾದ ಎನ್ನುವವರಿಗೆ ಮೊಣಕಾಲಿನ ಪರಿಚಯವಿಲ್ಲ. ಮುಂದಿನ ಕರೆ ಬಂದಾಗ ಅತ್ತೆ ಸೀನಿದಳು. ಕೊಟ್ರವ್ವ ನೋಡುತ್ತಾಳೆ, ತಾನು ಕೂತಿದ್ದಾಳೆ! ಕೈಯಲ್ಲಿ ನೀರಿನ ತಂಬಿಗೆ ಬೇರೆ. ಬೆಚ್ಚಿಬಿದ್ದು ಎದ್ದು ಓಡಿದಳು. ತಲೆಯಿಂದ ಇಳಿದ ಭಯ ಕಾಲಿನಲ್ಲಿ ಮನೆ ಮಾಡಿತ್ತು.

ಹಾಗಾಗಿ ಕಾಲಿಗೆ ಪಾಠ ಶುರುವಾಯಿತು. ನೀರಿಗೆ ಹೊರಟರೂ ನಶ್ಯ, ಸಗಣಿಗೆ ಹೊರಟರೂ ನಶ್ಯ. ಹೊಸ್ತಿಲಲ್ಲಿ ನಿಂತು ಚಿಟಿಕೆ ಏರಿಸುವುದು, ಒಂದು ಸೀನುವುದು, ಹೆಜ್ಜೆ ಹಾಕುವುದು. ಮೊದಲು ಹೇಳಿದ ಆ ಬೆಳಿಗ್ಗೆ ಊರು ಕಂಡದ್ದು ಇದನ್ನೇ.

ನಶ್ಯದ ಸೀನು ಸೀನು ಹೌದೋ ಅಲ್ಲವೋ ಎಂದು ಕಟ್ಟೆಯ ಮೇಲೆ ಚರ್ಚೆಯಾಯಿತು. ಮೂಗು ಅದೇ ಆದ್ದರಿಂದ ಹೌದು ಎಂದು ತೀರ್ಮಾನವಾಯಿತು. “ಅಪಶಕುನಾನ ಮೂಗಿನಾಗ ಸಾಕ್ಯಾಳ್ರೆವ್ವಾ” ಎಂದು ಅತ್ತೆ ಮನೆಮನೆಗೆ ಹೇಳಿಬಂದಳು. ಬಸುರಿಯರಿದ್ದ ಮನೆಗಳು ಕೊಟ್ರವ್ವನನ್ನು ಕರೆಯುವುದು ಬಿಟ್ಟವು.

ಒಂದು ಮಧ್ಯಾಹ್ನ ದುರುಗವ್ವ ಓಡಿಬಂದಳು. ಕಿರಿಮಗಳು ಕೆಂಚವ್ವನಿಗೆ ನೋವು. ಕೂಸು ಅಡ್ಡ ತಿರುಗಿತ್ತು. ಓಣಿಯವರು ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತರು. ಹಿರಿಯಳನ್ನು ಕಳೆದುಕೊಂಡದ್ದು ಸಾಲದೇ ಎಂದು ಕೇಳಿದರು.

“ಸಾಕಾಗೇತಿ ಅಂತನ ಬಂದೀನಿ. ದಾರಿ ಬಿಡ್ರಿ” ಅಂದಳು ದುರುಗವ್ವ.

ಕೊಟ್ರವ್ವ ಹೊಸ್ತಿಲಿಗೆ ಬಂದಳು. ಆಗ ಅತ್ತೆ ಸೀನಿದಳು. ಒಂಟಿ. ನಶ್ಯದ್ದಲ್ಲ, ಅಪ್ಪಟ. ಕೊಟ್ರವ್ವನ ಮೊಣಕಾಲು ಮಡಚಿದ್ದನ್ನು ಎಲ್ಲರೂ ನೋಡಿದರು.

“ಕುಂದ್ರಬೇ!” ಅತ್ತೆ ಕಿರುಚಿದಳು.

“ನೀನ ಕುಂದ್ರತ್ತಿ, ಸೀನಿದಾಕಿ ನೀನು” ಎಂದು ಕೊಟ್ರವ್ವ ತನ್ನ ತೊಡೆಗೆ ಫಟ್ಟನೆ ಏಟು ಹಾಕಿ ಹೊಸ್ತಿಲು ದಾಟಿದಳು.

ಕೂಸನ್ನು ಹೊಟ್ಟೆಯ ಮೇಲಿಂದಲೇ ನೀವಿ ತಿರುಗಿಸಿದಳು ಅಂತಾರೆ. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಕೆಟ್ಟದ್ದು ಏನೂ ಆಗಲಿಲ್ಲ. ಊರಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೆ ಇರಲಿಲ್ಲ. ಏನಾದರೂ ಆದೀತು ಎಂದು ಕೆಲವರು ಹೊತ್ತು ಮುಳುಗುವ ತನಕ ಬಾಗಿಲಲ್ಲೇ ಕಾದರಂತೆ.

ಮುಪ್ಪಿನಲ್ಲೂ ಸೀನು ಕೇಳಿದರೆ ಕೊಟ್ರವ್ವನ ಮೊಣಕಾಲು ಒಂದಿಷ್ಟು ಬಾಗುತ್ತಿತ್ತು ಅಂತಾರೆ. ಏಟು ಕೊಟ್ಟು ನಡೆಯುತ್ತಿದ್ದಳು. ಮತ್ತೆಂದೂ ಕೂರಲಿಲ್ಲ.

ಇಂದಿಗೂ ಬಿಳಿಕಲ್ಲಹಟ್ಟಿಯಲ್ಲಿ ಹೆರಿಗೆಗೆ ಹೊರಡುವ ಮುನ್ನ ಮನೆಯ ಹಿರಿಯಳು ಕೊಟ್ರವ್ವನ ಹೆಸರು ಹೇಳಿ, ಚಿಟಿಕೆ ನಶ್ಯ ಏರಿಸಿ ಸೀನುತ್ತಾಳೆ. ಸೀನು ಬಾರದಿದ್ದರೆ ಯಾರೂ ಹೊಸ್ತಿಲು ದಾಟುವುದಿಲ್ಲ, ಕೂತು ಕಾಯುತ್ತಾರೆ. ಹೋದ ಶ್ರಾವಣದಲ್ಲಿ ಒಂದು ಮನೆಯಲ್ಲಿ ನಶ್ಯ ಮುಗಿದಿತ್ತು. ಆಸ್ಪತ್ರೆಯ ಗಾಡಿ ಬಾಗಿಲಲ್ಲೇ ನಿಂತಿತ್ತು. ಅಂಗಡಿ ತೆರೆಯುವ ಮೊದಲೇ ಮಗು ಪಡಸಾಲೆಯಲ್ಲಿ ಹುಟ್ಟಿತು.