ಗಾಡಿಯಲ್ಲಿ ಕಲ್ಲಾಗಿದ್ದ ಹಾಡುಗಾರ್ತಿ

ಹೊಳೆದಂಡೆಯ ಮಂಟಪದಲ್ಲಿ ಭಾನುವಾರ ಸಂಜೆ ಕಥೆಯಾಟ ನಡೆಯುತ್ತಿತ್ತು. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗಿ ಮಾತಾಡಬೇಕು. ಗೆಲುವು ಸೋಲನ್ನು ದಾಳ ನೋಡಿಕೊಳ್ಳುತ್ತದೆ.

ಬಹಳ ಕಾಲ ಕಥೆ ಹೇಳಿದವರು ಭಾಗೀರಥಮ್ಮ. ಈಗ ಆ ಜಾಗದಲ್ಲಿ ಶಿಷ್ಯ ಸುಧನ್ವನನ್ನು ಕೂರಿಸಿ, ತಾವು ಹಿಂದೆ ಕಂಬಕ್ಕೊರಗಿ ದೀಪದ ಬತ್ತಿ ಹೊಸೆಯುತ್ತಿದ್ದರು.

ಸುಧನ್ವ ಜಾಣ. ಅವನು ಯುದ್ಧ ಹೇಳತೊಡಗಿದರೆ ಕೇಳುವವರ ಮೈ ಜುಮ್ಮೆನ್ನುತ್ತಿತ್ತು. ನಡುವಿನ ಪ್ರಯಾಣದ ದಾರಿ ಹೇಳುವುದೆಂದರೆ ಮಾತ್ರ ಅವನಿಗೆ ಆಕಳಿಕೆ.

ಆಟದಲ್ಲಿ ದಾಕ್ಷಾಯಿಣಿ ಮಂತ್ರವಾದಿನಿ. ಅವಳ ತಂಗಿ ಕುಮುದಾ ಹಾಡುಗಾರ್ತಿಯಾಗಿದ್ದಳು. ಒಂದು ಭಾನುವಾರ ಕಥೆಯಲ್ಲಿ ಹಾಡುಗಾರ್ತಿಗೆ ಶಾಪ ತಗುಲಿ ಅವಳು ಕಲ್ಲಾದಳು. ಮುಂದಿನ ವಾರ ಬಿಡಿಸಿದರಾಯಿತು ಎಂದು ಎಲ್ಲರೂ ನಗುತ್ತಾ ಮನೆಗೆ ಹೋದರು. ಆ ವಾರವೇ ಕುಮುದಾ ಜ್ವರ ಬಂದು ತೀರಿಕೊಂಡಳು.

ಅಂದಿನಿಂದ ಕಥೆಯೊಳಗಿನ ತಂಡ ಆ ಕಲ್ಲನ್ನು ಗಾಡಿಯಲ್ಲಿಟ್ಟುಕೊಂಡೇ ಊರೂರು ತಿರುಗುತ್ತಿದೆ. ಮಂಟಪದಲ್ಲಿ ಕುಮುದಾಳ ಚಾಪೆಯನ್ನು ಯಾರೂ ಎತ್ತಿಲ್ಲ.

"ಸಂಜೆ ಗಾಡಿ ಎಲ್ಲಿ ನಿಲ್ಲುತ್ತೆ?" ಒಂದು ಭಾನುವಾರ ಆಟದ ನಡುವೆ ದಾಕ್ಷಾಯಿಣಿ ಕೇಳಿದಳು. "ಶಾಪ ಬಿಡಿಸೋ ಮಂತ್ರಾನ ನಾನು ಓಲೆಗರಿಗೆ ಇಳಿಸ್ಕೋಬೇಕು. ಒಂದು ಸಾಲಾದ್ರೂ."

"ದಾರೀಲಿ ಪುರುಸೊತ್ತೆಲ್ಲಿ ಅಕ್ಕಾ? ಅದೆಲ್ಲ ಊರು ಸೇರಿದ ಮೇಲೆ," ಎಂದ ಸುಧನ್ವ. "ನೀವೆಲ್ಲ ನಡೆದ್ರಿ, ನಡೆದ್ರಿ, ಒಂದು ವಾರ ಆಯ್ತು. ಅಗೋ, ಕೋಟೆ ಬಾಗಿಲು!"

ಕತ್ತಿವೀರನ ಪಾತ್ರದ ನಿಂಗರಾಜು ಆಗಲೇ ದಾಳ ಕೈಗೆತ್ತಿಕೊಂಡಿದ್ದ.

ಎಲ್ಲರೂ ಹೋದ ಮೇಲೆ ಭಾಗೀರಥಮ್ಮ ಕೇಳಿದರು. "ಒಂದು ವಾರ ಆಯ್ತು ಅಂದೆ. ಆ ವಾರದಲ್ಲಿ ಏನಾಯ್ತು?"

"ಏನೂ ಆಗಲಿಲ್ಲ ಗುರುಗಳೇ. ಬರೀ ನಡೆದದ್ದು."

"ಯಾರೋ ಏನೋ ಕೇಳಿದ ಹಾಗಿತ್ತು."

ಸುಧನ್ವನಿಗೆ ಚುರುಕ್ಕೆಂದಿತು. ಛೆ, ದಾಕ್ಷಾಯಿಣಿ ಅಕ್ಕನ ಆಸೆಯನ್ನು ತಾನು ತಳ್ಳಿಹಾಕಿದೆನಲ್ಲ ಎಂದು ವಾರವೆಲ್ಲ ಪೇಚಾಡಿದ. ಪೇಚಾಡಿ, ಅವಳನ್ನು ಖುಷಿಪಡಿಸಲು ಒಂದು ಉಪಾಯವನ್ನೂ ಹುಡುಕಿಕೊಂಡ. ಕರುಣೆ ತೋರಿಸುವ ಆತುರದಲ್ಲಿ ನಾವು ಮಾಡುವ ಅನಾಹುತ ಅಷ್ಟಿಷ್ಟಲ್ಲ.

ಭಾನುವಾರ ಬಂತು. ಸುಧನ್ವ ಕಥೆ ತೆಗೆದ.

"ಈ ಸಲದ ದಾರೀಲಿ ಮಂತ್ರವಾದಿನಿ ಮಂತ್ರಾನೆಲ್ಲ ಬರೆದು ಮುಗಿಸಿದಳು. ಕಲ್ಲು ಕಣ್ಣು ಬಿಡ್ತು. ಹಾಡುಗಾರ್ತಿ ಎದ್ದು ಕೂತಳು!"

ಹೇಳಿ, ನಗುತ್ತಾ ಸುತ್ತ ನೋಡಿದ. ಆಟದ ರೂಢಿಯಂತೆ ಈಗ ಹಾಡುಗಾರ್ತಿ ಮಾತಾಡಬೇಕು.

ಎಲ್ಲರೂ ಖಾಲಿ ಚಾಪೆಯ ಕಡೆ ನೋಡಿದರು.

ದಾಕ್ಷಾಯಿಣಿ ತನ್ನ ದಾಳಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಸುಧನ್ವನಿಗೆ ಊಟ ಸೇರದಾಯಿತು. ಅಕ್ಕ ಇನ್ನು ಬರುವುದೇ ಇಲ್ಲವೇನೋ ಎಂದು ಹೆದರಿ ಗುರುವಿನ ಬಳಿಗೆ ಹೊರಟ. ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯಲ್ಲಿ ಬತ್ತಿಯ ದೊಡ್ಡ ಕಟ್ಟೊಂದನ್ನು ಕೊಂಡ.

"ವರ್ಷಕ್ಕಾಗುವಷ್ಟಿದೆ ಗುರುಗಳೇ. ಇನ್ನು ನೀವು ಕೂತು ಹೊಸೆಯೋ ಕಷ್ಟ ಇಲ್ಲ."

"ಒಳ್ಳೇದಾಯ್ತಪ್ಪ," ಎಂದು ಭಾಗೀರಥಮ್ಮ ಕಟ್ಟನ್ನು ತೆಗೆದುಕೊಂಡರು. ಅರ್ಧ ಹೊಸೆದಿದ್ದ ಬತ್ತಿಯನ್ನು ಕೆಳಗಿಟ್ಟರು. ಹತ್ತಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೊಳೆಯನ್ನು ನೋಡುತ್ತಾ ಕುಳಿತರು.

ಸುಧನ್ವ ಕಾದ. ಆ ಕೈಗಳು ಸುಮ್ಮನಿದ್ದುದನ್ನು ಅವನು ಹಿಂದೆಂದೂ ನೋಡಿರಲಿಲ್ಲ.

"ಯಾಕೆ ಗುರುಗಳೇ, ಏನಾಯ್ತು?"

"ಏನಿಲ್ಲಪ್ಪ. ಬತ್ತಿ ಹೊಸೆಯೋ ಕೆಲಸ ಮುಗಿದೇಹೋಯ್ತಲ್ಲ. ಇನ್ನೇನು ಮಾಡಲಿ ಅಂತ ನೋಡ್ತಿದೀನಿ."

ಸುಧನ್ವ ಹತ್ತಿಯ ಬುಟ್ಟಿಯನ್ನು ಮೆಲ್ಲಗೆ ಅವರ ಮುಂದಕ್ಕೆ ಸರಿಸಿದ.

"ಅಕ್ಕಂಗೆ ಸಂತೋಷ ಆಗ್ಲಿ ಅಂತ ಮಾಡ್ದೆ ಗುರುಗಳೇ."

"ಗೊತ್ತು ಮಗಾ." ಅವರು ಅವನ ತಲೆ ಸವರಿದರು.

"ಹೇಳಿಬಿಟ್ಟೆನಲ್ಲ. ಈಗೇನು ಮಾಡ್ಲಿ?"

"ಬಾಯಲ್ಲಿ ಹೇಳಿದ ಕಥೆ ತಾನೆ? ಬಾಯಲ್ಲೇ ವಾಪಸು ತಗೋ. ಅಷ್ಟು ಪುಣ್ಯ ಈ ಆಟದಲ್ಲಾದ್ರೂ ನಮಗಿದೆ."

ಸುಧನ್ವ ದಾಕ್ಷಾಯಿಣಿಯ ಮನೆಗೆ ಹೋದಾಗ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಅಕ್ಕಾ, ನಾನು ಹೇಳಿದ್ದು ತಪ್ಪು. ಆ ದಾರಿ ಇನ್ನೂ ಮುಗಿದಿಲ್ಲ."

ಅವಳು ಇನ್ನೊಂದು ಬಟ್ಟೆ ಮಡಿಸಿದಳು. "ಕಲ್ಲು?"

"ಗಾಡೀಲೇ ಇದೆ. ಕಣ್ಣು ಬಿಟ್ಟಿಲ್ಲ."

"ದಡ್ಡ ಕಣೋ ನೀನು," ಎಂದಳು ದಾಕ್ಷಾಯಿಣಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಎದ್ದು ಕೂತಳು ಅಂದ್ಯಲ್ಲ, ನಾನು ನಿಜವಾಗ್ಲೂ ಚಾಪೆ ಕಡೆ ತಿರುಗಿಬಿಟ್ಟೆ."

ಸುಧನ್ವನೂ ಅತ್ತ. ಅವಳು ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದಳು.

ಆ ಭಾನುವಾರ ದಾಕ್ಷಾಯಿಣಿ ಬಂದಳು. ತಂಗಿಯ ಚಾಪೆಯ ಪಕ್ಕದಲ್ಲಿ ತನ್ನದನ್ನು ಹಾಸಿಕೊಂಡಳು.

ಸುಧನ್ವ ನಿಧಾನವಾಗಿ ಹೇಳಿದ. "ಎತ್ತುಗಳು ದಣಿದಿವೆ. ಹುಣಸೆಮರದ ಕೆಳಗೆ ಗಾಡಿ ನಿಂತಿದೆ. ಕತ್ತಲಾಗೋಕೆ ಇನ್ನೂ ಹೊತ್ತಿದೆ. ಯಾರ್ಯಾರು ಏನೇನು ಮಾಡ್ತೀರಿ?"

ನಿಂಗರಾಜು ಕೈಯಲ್ಲಿದ್ದ ದಾಳವನ್ನು ನೋಡಿದ. ಅದನ್ನು ಕೆಳಗಿಟ್ಟ. "ನಾನು ಒಲೆ ಹೂಡ್ತೀನಿ. ಮಂತ್ರವಾದಿನಿ ಪಾಲಿನ ಕಾವಲೂ ನಂಗೇ ಇರ್ಲಿ. ಅವಳು ಬರ್ಕೊಳ್ಳಲಿ."

"ನಾನು ಗಾಡಿ ಹತ್ರ ಕೂತು ಒಂದು ಸಾಲು ಬರೀತೀನಿ," ಎಂದಳು ದಾಕ್ಷಾಯಿಣಿ. "ಬರೀತಾ ಬರೀತಾ ಕಲ್ಲಿಗೆ ಇವತ್ತಿನ ಸಮಾಚಾರ ಹೇಳ್ತೀನಿ. ತೊರೆ ದಾಟಿದ್ದು, ಕತ್ತಿವೀರ ಕೆಸರಲ್ಲಿ ಜಾರಿ ಬಿದ್ದದ್ದು..."

"ನಾನೆಲ್ಲಿ ಬಿದ್ದೆ?" ಎಂದ ನಿಂಗರಾಜು.

"ಬಿದ್ದೆ. ಅವಳಿಗೆ ನಗು ಬರಬೇಡ್ವೇನೋ?"

ಮಂಟಪದಲ್ಲಿ ಎಲ್ಲರೂ ನಕ್ಕರು. ದಾಕ್ಷಾಯಿಣಿಯೂ ನಕ್ಕಳು. ಅಂದು ಯಾರೂ ದಾಳ ಉರುಳಿಸಲಿಲ್ಲ, ಯಾರಿಗೂ ಬೇಸರವಾಗಲಿಲ್ಲ.

ಮನೆಗೆ ಹೊರಟಾಗ ಸುಧನ್ವ ಗುರುವಿನ ಕೈಹಿಡಿದು ಮೆಟ್ಟಿಲು ಇಳಿಸಿದ.

"ಗುರುಗಳೇ, ಹೀಗೆ ಸಂಜೆಗೊಂದು ಸಾಲು ಬರೆದ್ರೆ ಮಂತ್ರ ಮುಗಿಯೋದು ಯಾವಾಗ? ನಾನು ಯಾವತ್ತು ಮುಗಿಸ್ಲಿ?"

ಭಾಗೀರಥಮ್ಮ ಹೇಳಿದರು. "ಮುಗಿಸೋ ಮನಸ್ಸಾದ ದಿನ, ಊರು ಇನ್ನೆಷ್ಟು ದೂರ ಅಂತ ದಾಕ್ಷಾಯಿಣಿನೇ ಕೇಳ್ತಾಳೆ. ಅಲ್ಲೀವರೆಗೂ ನೀನು ದಾರಿ ಹೇಳ್ತಾ ಇರಪ್ಪ."